ತಾವರೆ ಬರೆದ ದಿನ

ಲಿಂಗಸುಗೂರು
೪ ಡಿಸೆಂಬರ್ ೧೯೪೮

ಅಬ್ಬಾಜಾನ್‌ಗೆ ಅಖ್ತರಳ ಸಲಾಮು.

ಕನ್ನಡದಾಗ ಬರಿಯಾಕತ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಜೇಲಿನಾಗ ಈಗ ಉರ್ದು ಕಾಗದಾ ಓದಿ ಪಾಸು ಮಾಡವರು ಕಡಿಮಿ ಅದಾರಂತ, ತಿಂಗಳಗಟ್ಟಲೆ ಬಿದ್ದಿರತಾವಂತ. ಕನ್ನಡದ್ದು ಲಗೂನ ಮುಟ್ಟತೈತಿ ಅಂತ ಪೋಸ್ಟಿನ ಬುಡ್ಡೇಸಾಬ್ ಹೇಳಿದ. ನೀವು ಸಾಲ್ಯಾಗ ಕನ್ನಡ ಹುಡುಗರಿಗೆ ಡ್ರಾಯಿಂಗ್ ಕಲಿಸಿದವರು, ನಿಮಗೇನು ತ್ರಾಸಿಲ್ಲ.

ಅಮ್ಮಾ ಆರಾಮ ಅದಾಳ. ಉಣ್ಣಾಕತ್ಯಾಳ. ನಿಮ್ಮನ್ನ ಕರಕೊಂಡು ಹೋದಾಗಿಂದ ಯಾರರ ಬಾಗಲಾ ಬಡದ್ರ ಆಕಿ ಕೈಯಾಗಿನ ಸಾಮಾನು ಕೆಳಗ ಬೀಳತಾವ, ಅಷ್ಟ.

ಮಸ್ಕಿಯಿಂದ ಅಮರಗುಂಡಪ್ಪ ಸಾವ್ಕಾರ್ರು ಹೇಳಿ ಕಳಿಸ್ಯಾರ: "ಮಾಸ್ತರರು ಅರ್ಧ ಬರದ ಹೂವಿನ ಪಟಾ ನಮ್ಮ ಮನ್ಯಾಗ ಐತಿ, ಬಂದು ತಗೊಂಡು ಹೋಗ್ರಿ" ಅಂತ. ಶ್ರಾವಣದಾಗ ನಿಮ್ಮನ್ನ ಕರಿಯಾಕ ನಮ್ಮ ಬಾಗಲಿಗೆ ತಾವೇ ಬಂಡಿ ಕಳಿಸಿದ್ದವರು ಇವರ.

ನಿಮ್ಮ ಮ್ಯಾಲಿನ ತಕರಾರು ಏನಂತ ಈಗ ನಮಗ ತಿಳದೈತಿ. ಶ್ರಾವಣದ ಮೂರನೇ ಸೋಮವಾರ ಸಿಂಧನೂರು ಕಡೆ ಹೊಳಿಸಾಲಿನ ಒಂದು ಹಳ್ಳಿಗೆ ರಜಾಕಾರರು ನುಗ್ಗಿದ್ರಂತ, ಮನಿ ಸುಟ್ಟು ಒಬ್ಬ ಮನಷ್ಯಾನ್ನ ಕೊಂದ್ರಂತ. ಅವರೊಳಗ ಒಬ್ಬನ ಹೆಸರು ಗೌಸ್‌ಸಾಬ್ ಅಂತ ಸತ್ತವನ ಹೆಂಡತಿ ಹೇಳ್ಯಾಳಂತ. ಈ ಸೀಮ್ಯಾಗ ಎಷ್ಟು ಮಂದಿ ಗೌಸ್‌ಸಾಬ್ ಅದಾರ ಅಬ್ಬಾ! ಆ ಸೋಮವಾರ ನೀವು ಮಸ್ಕ್ಯಾಗ ಸಾವ್ಕಾರ್ರ ಪಡಸಾಲ್ಯಾಗ ಕುಂತು ತಾವರಿ ಬರಿಯಾಕತ್ತಿದ್ರಿ. ಅವರಿಗೆ ಗೊತ್ತೈತಿ. ಅವರು ಒಂದು ಮಾತು ಅಂದ್ರ ಸಾಕು. ನಾ ಹೋಗಿ ಕೇಳ್ಲೇನು? ಹ್ಞೂಂ ಅಂತ ಬರೀರಿ.

ನಿಮ್ಮ ದಾರಿ ನೋಡ್ತಿರೋ
ಅಖ್ತರ್

*

ಜೇಲು
೨೭ ಡಿಸೆಂಬರ್ ೧೯೪೮

ಮಗಳು ಅಖ್ತರ್‌ಗೆ ದುವಾ.

ನಾನು ಚಲೋ ಇದ್ದೀನಿ. ಥಂಡಿ ಭಾಳ ಐತಿ, ಕಂಬಳಿ ಕೊಟ್ಟಾರ. ನಿನ್ನ ತಾಯಿಗೆ ಇಷ್ಟು ಹೇಳು.

ಪಟಾ ತರಬ್ಯಾಡ. ಬಂಡ್ಯಾಗ ತಂದ್ರ ಕುಲುಕಾಟಕ್ಕ ಬಣ್ಣ ಸೀಳತೈತಿ, ಧೂಳು ಕುಂದರತೈತಿ. ಅಲ್ಲೇ ಕುಂತು ಮುಗಸಾಕ ಪರವಾನಗಿ ಕೇಳು. ನೀನ ಮುಗಸಬೇಕು, ನಿನ್ನ ಕೈಗೆ ಆ ಶಕ್ತಿ ಐತಿ.

ಇದು ಮುನ್ನೂರು ವರ್ಷದ ಹಿಂದ ಹಾಲೆಂಡಿನ ಚಿತ್ರಗಾರರು ಬರೀತಿದ್ದ ರೀತಿ, ಬರೋಕ್ ಅಂತಾರ. ಲಿಂಗಸುಗೂರಾಗ ಇಂಗ್ರೇಜರ ದಂಡಿನ ಛಾವಣಿಯ ಹಳೇ ಬಂಗಲೇದಾಗ ಸಾವ್ಕಾರ್ರು ಅಂಥಾದ್ದೊಂದು ನೋಡಿ ಮರುಳಾಗಿ, "ನಮ್ಮ ಸೀಮಿ ಹೂವಿಲೆ ಇಂಥಾದ್ದೊಂದು ಬರದು ಕೊಡ್ರಿ ಮಾಸ್ತರ" ಅಂದಿದ್ರು. ಇದರಾಗ ಬ್ಯಾರೆ ಬ್ಯಾರೆ ಕಾಲದ ಹೂವು ಒಂದ ಹೂಜ್ಯಾಗ ಇಟ್ಟಂಗ ಕಾಣಬೇಕು. ಎಲ್ಲಾ ಒಮ್ಮೆ ಅರಳಂಗಿಲ್ಲ. ಒಂದು ಹೂವು ಅರಳೂತನಕ ಕಾಯಬೇಕು, ಅದು ಬಾಡೂದರೊಳಗ ಬರೀಬೇಕು.

ಹಿಂದಿನ ಕತ್ತಲಿ ನಾ ಹಚ್ಚೀನಿ, ತಾಮ್ರದ ಹೂಜಿ ಆಗೇತಿ, ತಾವರಿ ಆಗೇತಿ. ಬೆಳಕು ಎಡಗಡೆ ಕಿಡಕಿಯಿಂದ ಮಾತ್ರ ಬರಬೇಕು. ಹೊಸಾ ಹೂವು ಬರಿಯಾಗ ಮೊದಲ ಬರೇ ಕಂದು ಬಣ್ಣದಾಗ ನೆಳ್ಳು ಬೆಳಕು ಹಿಡಿ. ಅದು ಒಣಗಿದ ಮ್ಯಾಲ ಬಣ್ಣ. ಕೆಳಗಿನ ಪದರಕ್ಕ ಎಣ್ಣಿ ಕಡಿಮಿ, ಮ್ಯಾಲಿನದಕ್ಕ ಹೆಚ್ಚು. ಉಲ್ಟಾ ಮಾಡಿದ್ರ ಸೀಳತೈತಿ. ಗಾಣದಿಂದ ಅಗಸಿ ಎಣ್ಣಿ ತಂದು ಗಾಜಿನ ಸೀಸೆದಾಗ ಬಿಸಲಿಗೆ ಇಡು, ತಿಳಿ ಆಗತೈತಿ. ಅವಸರ ಬ್ಯಾಡ.

ಇನ್ನ ನೀ ಕೇಳಿದ್ದು. ಸಾವ್ಕಾರ್ರನ್ನ ಏನೂ ಕೇಳಬ್ಯಾಡ. ಏನೂ. ಅವರಾಗೇ ಹೇಳಿದ್ರ ಹೇಳಲಿ. ಇದಕ್ಕ ನನ್ನ ಆಣಿ ಐತಿ. ಯಾಕಂತ ಕೇಳಿ ಬರೀಬ್ಯಾಡ.

ನಿನ್ನ ಅಬ್ಬಾ
ಗೌಸ್‌ಸಾಬ್

*

ಮಸ್ಕಿ
೨೨ ಜನವರಿ ೧೯೪೯

ಅಬ್ಬಾಜಾನ್‌ಗೆ ಸಲಾಮು.

ನಾನು, ಅಮ್ಮಾ ಮಸ್ಕಿಗೆ ಅಮ್ಮಾನ ತಂಗಿ ಖಾಲಾನ ಮನಿಗೆ ಬಂದು ಉಳದೀವಿ. ಮೊದಲನೇ ದಿನ ಸಾವ್ಕಾರ್ರ ಬಾಗಲದಾಗ ನಿಂತಾಗ ಅಮ್ಮಾ ನನ್ನ ಕೈ ಬಿಡಲಿಲ್ಲ.

ಸಾವ್ಕಾರ್ರು ನನ್ನ ಮಾರಿ ನೋಡ್ಲಿಲ್ಲ. "ತಗೊಂಡು ಹೋಗ್ರವಾ ಅಂದ್ರ ಇಲ್ಲೇ ಕುಂತು ಮುಗಸ್ತೀನಿ ಅಂತೀಯಲ್ಲ?" ಅಂದ್ರು. ಆಗ ಅವರ ಹೆಂಡತಿ ಶಿವಬಸಮ್ಮನವರು ಒಳಗಿಂದ ಬಂದು, "ಬರೀಲಿ ಬಿಡ್ರಿ. ಅರ್ಧಾ ಮಾಡಿ ಬಿಟ್ಟ ಕೆಲಸ ನೋಡಿ ನೋಡಿ ನನಗೂ ಸಾಕಾಗೇತಿ" ಅಂದ್ರು. ಸಾವ್ಕಾರ್ರು ಅಂಗಡಿಗೆ ಹೋದ್ರು.

ಪಟಾ ಕಡ್ಲಿ ಚೀಲದ ಖೋಲ್ಯಾಗ ಗೋಡಿ ಕಡೆ ಮಾರಿ ಮಾಡಿ ನಿಂತಿತ್ತು. ತಿರುಗಿಸಿದಾಗ ನಿಮ್ಮ ತಾವರಿ ಕಂಡಿತು ಅಬ್ಬಾ. ಅದರ ಎಸಳಿನ ತುದಿಗೆ ನೀರಿನ ಹನಿ ಇನ್ನೇನು ಬೀಳತೈತಿ ಅನ್ನೂವಂಗ ಐತಿ. ನನಗ ಅಳು ಬಂತು. ಶಿವಬಸಮ್ಮನವರು ಖೋಲಿ ಬಾಗಲಾ ಮುಂದ ಮಾಡಿ ಹೋದ್ರು.

ಮನ್ಯಾಗ ಸಾವ್ಕಾರ್ರ ತಂಗಿ ಅದಾಳ, ಕರೆಮ್ಮ ಅಂತ. ಹೋದ ವರ್ಷ ಗಂಡ ತೀರಿಕೊಂಡ ಮ್ಯಾಲ ತವರಿಗೆ ಬಂದಾಳಂತ. "ಈ ಹುಡುಗಿ ಚಿತ್ರಾ ಬರೀತಾಳ" ಅಂತ ಇಷ್ಟ ಹೇಳಿ ಶಿವಬಸಮ್ಮನವರು ನನ್ನ ಕೈ ಒತ್ತಿದ್ರು. ಯಾಕ ಒತ್ತಿದ್ರೋ ತಿಳೀಲಿಲ್ಲ. ನಾ ಯಾವ ಜನಾ ಅಂತ ನನ್ನ ಉಡಿಗಿ ನೋಡಿದ್ರ ತಿಳೀತೈತಿ. ಕರೆಮ್ಮ ಭಾಳ ದಿನಾ ನನ್ನ ಕಡೆ ತಿರುಗಿ ನೋಡಲಿಲ್ಲ. ನಾ ಇರೂ ಖೋಲಿ ಮುಂದ ಹಾಯೂ ಮುಂದ ಸೆರಗು ಬಿಗಿ ಹಿಡಕೊಂಡು ಹೋಗ್ತಿದ್ದಳು.

ಮೊನ್ನೆ ನಾ ಹತ್ತಿ ಹೂವು ಬರಿಯಾಗ ತಾನಾಗೇ ಬಾಗಲದಾಗ ನಿಂತು, "ಇದು ಹಳದಿ ಇವತ್ತಷ್ಟ. ನಾಳೆ ಬಾಡೂ ಮುಂದ ಕೆಂಪಾಗತೈತಿ" ಅಂದಳು. "ಹಂಗಾರ ಯಾವುದನ್ನ ಬರೀಲಿ?" ಅಂದೆ. "ಎರಡೂ ಬರಿ" ಅಂದಳು. ಈಗ ದಿನಾ ಬಂದು ಕುಂದರತಾಳ. "ಎಲ್ಲಾದಕ್ಕಿಂತ ತಾವರಿ ಜೀವಂತ ಐತಿ" ಅಂತಾಳ.

ನೀವು ಹಾಕಿದ ಆಣಿ ಮುರದಿಲ್ಲ. ಆದ್ರ ಸಾವ್ಕಾರ್ರ ಚಪ್ಪಲಿ ಸಪ್ಪಳ ಕೇಳಿದಾಗೆಲ್ಲಾ ಕುಂಚಾ ನಿಲ್ಲಿಸಿ ಕುಂದರತೀನಿ. ಇವತ್ತು ಹೇಳ್ತಾರ, ಇವತ್ತು ಹೇಳ್ತಾರ ಅಂತ.

ಅಖ್ತರ್

*

ಜೇಲು
೨೦ ಫೆಬ್ರವರಿ ೧೯೪೯

ಮಗಳು ಅಖ್ತರ್‌ಗೆ ದುವಾ.

ಬೆರಳಿಗೆ ಸಣ್ಣ ಬೊಕ್ಕಿ ಆಗಿದೆ. ಅದಕ್ಕೆ ಪಕ್ಕದ ಕರಿಬಸಯ್ಯ ಮಾಸ್ತರರ ಕೈಯಿಂದ ಬರೆಸುತ್ತಿದ್ದೇನೆ. ಚಿಂತೆ ಬೇಡ.

ಕುಸುಬಿ ಹೂವು ಬಂದಿರಬೇಕು. ಅದರ ಹಳದಿ, ಕೇಸರಿ ಎರಡನ್ನೂ ಬಿಳಿ ಬೆರೆಸದೆ ಹಚ್ಚು, ಬಿಳಿ ಬಿದ್ದರೆ ಸಪ್ಪಗಾಗುತ್ತದೆ. ಹೂಜಿಯ ಬುಡದಲ್ಲಿ ಒಂದು ಉದುರಿದ ಎಸಳು, ಅದರ ಮೇಲೊಂದು ನೊಣ ಬರಿ. ಹಾಲೆಂಡಿನವರು ಬರೀತಿದ್ದರು. ಚೆಲುವಿನ ಜೊತೆಗೆ ಕೆಡುವುದೂ ಇದೆ ಅಂತ ತೋರಿಸುವುದಕ್ಕೆ.

ತಾಯಿಯನ್ನು ಹುಷಾರಾಗಿ ನೋಡಿಕೋ.

ಗೌಸ್‌ಸಾಬ್

*

ಮಸ್ಕಿ
೨೫ ಮಾರ್ಚ್ ೧೯೪೯

ಅಬ್ಬಾ,

ಕೈಗೆ ಏನಾಗೇತಿ? ಬರೇ ಬೊಕ್ಕಿ ಆಗಿದ್ರ ಒಂದು ಗೆರಿನಾರ ನಿಮ್ಮ ಕೈಲೆ ಎಳೀತಿದ್ರಿ. ಸಹಿನೂ ನಿಮ್ಮದಲ್ಲ. ಅಮ್ಮಾಗ ಓದಿ ಹೇಳೂ ಮುಂದ ಆ ಸಾಲು ಹಾರಿಸಿದೆ. ಆಕಿ ಕಾಗದ ಇಸಕೊಂಡು ಓದಾಕ ಬರದಿದ್ರೂ ಭಾಳ ಹೊತ್ತು ನೋಡಿದಳು. "ಇದು ಅವರ ಬರಹ ಅಲ್ಲ" ಅಂದಳು. ಯಾವ ಕೈ? ಬಲಗೈ ಏನು?

ಕುಸುಬಿ ಆತು. ಮುತ್ತಲ ಹೂವು ಅರ್ಧಾ ಆಗೇತಿ. ನೊಣಾನೂ ಬರದೀನಿ.

ಹೋದ ವಾರ ಊರಿನ ಇಬ್ಬರು ಹಿರೇರು ಕಡ್ಲಿ ನೋಡಾಕ ಖೋಲಿಗೆ ಬಂದ್ರು. ಒಬ್ಬರು, "ಸಾವ್ಕಾರ್ರ, ಈ ಪಟಾ ಯಾರು ಬರದ್ರು? ಆ ಲಿಂಗಸುಗೂರ ಮಾಸ್ತರ ನಿಮ್ಮನಿಗೆ ಬರತಿದ್ನಲ್ಲ?" ಅಂದ್ರು.

ಸಾವ್ಕಾರ್ರು ಹೇಳಿದ್ರು, "ಅವನದಲ್ಲ. ಇದು ಹಳೇ ಪಟಾ. ಬಂಗಲೇದ ಹರಾಜಿನ್ಯಾಗ ತಂದೀನಿ. ಈ ಹುಡುಗಿ ಸುದ್ದ ಮಾಡಾಕತ್ಯಾಳ."

ನಾ ಅಲ್ಲೇ ಕುಂತಿದ್ದೆ ಅಬ್ಬಾ. ಕುಂಚ ಜಾರಿ ಕರೀ ಹಿನ್ನೆಲಿ ಮ್ಯಾಲ ಕೆಂಪು ಗೆರಿ ಬಿತ್ತು. ಅರಿವಿಲೆ ಒರಸಿದೆ. ಅವರು ಹೋದ ಮ್ಯಾಲ ಶಿವಬಸಮ್ಮನವರು ನನ್ನನ್ನ ಹಿತ್ತಲಕ್ಕ ಕರಕೊಂಡು ಹೋಗಿ, "ಬೈಕೋಬ್ಯಾಡವಾ ಅವರಿಗೆ" ಅಂತ ಎಲ್ಲಾ ಹೇಳಿದ್ರು. ಆ ಹಳ್ಳ್ಯಾಗ ಸತ್ತ ಜಂಬಣ್ಣ ಅನ್ನವ ಈ ಕರೆಮ್ಮನ ಗಂಡ. ಗೌಸ್‌ಸಾಬ್ ಅನ್ನೂ ಹೆಸರು ಹೇಳಿದಾಕಿ ಈಕಿನ. ನಾ ಯಾರ ಮಗಳು ಅಂತ ಆಕಿಗೆ ಇನ್ನೂ ಗೊತ್ತಿಲ್ಲ.

ದಿನಾ ನನ್ನ ಬಾಜೂಕ ಕುಂತು, ಹೂವು ಬಾಡದಂಗ ಹಸೀ ಅರಿವಿ ಸುತ್ತಿ ಹಿಡಿಯಾಕಿ ಆಕಿನ ಅಬ್ಬಾ.

ನೀವು ಆಣಿ ಹಾಕಿದ್ದು ಯಾಕಂತ ಈಗ ತಿಳೀತು. ನಿಮಗ ಮೊದಲಿಂದ ಗೊತ್ತಿತ್ತು. ಆದ್ರ ಕಾರಹುಣ್ಣಿವಿಕಿಂತ ಮೊದಲ ಸಿಂಧನೂರಾಗ ವಿಚಾರಣಿ ಐತಂತ. ಆಗ ನೀವು ಏನು ಹೇಳ್ತೀರಿ?

ಅಖ್ತರ್

*

ಜೇಲು
೧೨ ಏಪ್ರಿಲ್ ೧೯೪೯

ಸೋದರಿ ಅಖ್ತರಬೇಗಂ ಅವರಿಗೆ,

ನಾನು ನಿಮ್ಮ ತಂದೆಯವರ ಪಕ್ಕದಲ್ಲಿ ಮಲಗುವ ಕರಿಬಸಯ್ಯ, ಶಾಲಾ ಮಾಸ್ತರ. ಸರ್ಕಾರದ ವಿರುದ್ಧ ಭಾಷಣ ಮಾಡಿದ್ದಕ್ಕೆ ಇಲ್ಲಿದ್ದೇನೆ. ಈ ಕಾಗದ ಅವರಿಗೆ ತಿಳಿಯದಂತೆ ಬರೆಯುತ್ತಿದ್ದೇನೆ, ಮನ್ನಿಸಿ.

ಬಲಗೈಯೇ. ಉಗುರು ಸುತ್ತಾಗಿ ಕೀವು ಒಳಗೆ ಇಳಿಯಿತು, ಜ್ವರ ಏರಿತು. ಡಾಕ್ಟರು ಕೊಯ್ದು ಕೀವು ತೆಗೆದರು. ಈಗ ಜ್ವರವಿಲ್ಲ. ಆದರೆ ಹೆಬ್ಬೆರಳು ಮತ್ತು ತೋರುಬೆರಳು ಮಡಚುವುದಿಲ್ಲ. ದಿನವೂ ಬಿಸಿಲಿನಲ್ಲಿ ಕೂತು ಅವನ್ನು ಎಡಗೈಯಿಂದ ಒತ್ತುತ್ತಾರೆ, ಯಾರಾದರೂ ನೋಡಿದರೆ ಕೈ ಮುಚ್ಚಿಕೊಳ್ಳುತ್ತಾರೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ವಿಚಾರಣೆಯಲ್ಲಿ "ಆ ದಿನ ನಾನು ಲಿಂಗಸುಗೂರಿನ ಮನೆಯಲ್ಲಿ ಒಬ್ಬನೇ ಇದ್ದೆ" ಎಂದು ಹೇಳುವವರಿದ್ದಾರೆ. ಮಸ್ಕಿಯ ಹೆಸರು ಎತ್ತುವುದಿಲ್ಲವಂತೆ. ನಾನು ಜಗಳವಾಡಿದೆ. "ಆ ಸಂಜೆ ಸಾವಿನ ಸುದ್ದಿ ಬಂದಾಗ ಆ ಸಾವ್ಕಾರರ ಮುಖ ನಾನು ನೋಡಿದ್ದೇನೆ ಮಾಸ್ತರ, ನೀವು ನೋಡಿಲ್ಲ" ಎಂದರು. ಒಬ್ಬನೇ ಇದ್ದೆ ಎಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಏನಾಗುತ್ತದೆ ಎಂದು ನಾನು ಬರೆಯಲಾರೆ.

ಏನು ಮಾಡಬೇಕೆಂದು ಹೇಳುವ ಹಕ್ಕು ನನಗಿಲ್ಲ. ತಿಳಿಸದೆ ಇರಲಾರದೆ ತಿಳಿಸಿದೆ.

ಕರಿಬಸಯ್ಯ

*

ಮಸ್ಕಿ
೧೫ ಮೇ ೧೯೪೯

ಅಬ್ಬಾಜಾನ್,

ನಿಮ್ಮ ಆಣಿ ಮುರದೆ. ಬೈರಿ, ಆದ್ರ ಮೊದಲ ಪೂರ್ತಿ ಓದ್ರಿ.

ನಿನ್ನೆ ಖೋಲ್ಯಾಗ ಭಾಳ ಶಕಿ ಅಂತ ಪಟಾ ಪಡಸಾಲಿಗೆ ತಂದು ದಾಳಿಂಬರ ಹೂವು ಬರಿಯಾಕತ್ತಿದ್ದೆ. ಕರೆಮ್ಮ ಬಾಜೂಕ ಬ್ಯಾಳಿ ಹಸನ ಮಾಡಾಕತ್ತಿದ್ದಳು. ಸಾವ್ಕಾರ್ರು ಉಂಡು ಹೊರಗ ಹೊಂಟಿದ್ರು. ನನ್ನ ಬಾಯಿಲೆ ತಾನಾಗೇ ಬಂತು:

"ಸಾವ್ಕಾರ್ರ, ಈ ತಾವರಿ ಯಾವತ್ತು ಬರದದ್ದು?"

ಅವರು ನಿಂತ್ರು. ನನ್ನ ಕಡೆ ನೋಡ್ಲಿಲ್ಲ, ಪಟದ ಕಡೆನೂ ನೋಡ್ಲಿಲ್ಲ.

"ಅಣ್ಣಾ, ಹುಡುಗಿ ಕೇಳಾಕತ್ಯಾಳ" ಅಂದಳು ಕರೆಮ್ಮ.

"ಶ್ರಾವಣದಾಗ. ಸೋಮವಾರ."

"ಯಾವ ಸೋಮವಾರ?" ಇದನ್ನ ಕೇಳಿದ್ದು ನಾನಲ್ಲ ಅಬ್ಬಾ, ಕರೆಮ್ಮ. ಬ್ಯಾಳಿ ಆರಿಸೂ ಕೈ ನಿಂತಿತ್ತು.

"ಮೂರನೇದು."

"ಯಾರು ಬರದ್ರು?"

ಸಾವ್ಕಾರ್ರು ಕಂಬಾ ಹಿಡಕೊಂಡು ಕೆಳಗ ಕುಂತ್ರು. "ಗೌಸ್‌ಸಾಬ್ ಮಾಸ್ತರ. ಈಕಿ ಅವರ ಮಗಳು. ಅವರು ಮುಂಜಾನಿಂದ ಸಂಜಿತನಕ ಇಲ್ಲಿಂದ ಎದ್ದಿಲ್ಲ ಕರೆವ್ವಾ. ನಾನೂ ಎದ್ದಿಲ್ಲ. ಅಂಗಡಿಗೂ ಹೋಗಲಿಲ್ಲ. ಒಂದು ಹೂವು ಹೆಂಗ ಆಗತೈತಿ ನೋಡಬೇಕಂತ ಸಣ್ಣ ಹುಡುಗನಂಗ ಬಾಜೂಕ ಕುಂತಿದ್ದೆ. ಸಂಜಿಗೆ ನಿಮ್ಮೂರ ಮನಷ್ಯಾ ಬಂದ." ಅವರ ದನಿ ಒಡೀತು. "ಅಲ್ಲಿ ಜಂಬಣ್ಣನ್ನ ಎಳದಾಡೂ ಹೊತ್ತಿಗೆ ನಾ ಇಲ್ಲಿ ಹೂವು ನೋಡ್ಕೋತ ಕುಂತಿದ್ದೆ ಅಂತ ನಿನಗ ಯಾವ ಬಾಯಿಲೆ ಹೇಳ್ಲಿ? ಅದಕ್ಕ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ."

ಕರೆಮ್ಮ ಬ್ಯಾಳಿ ಇದ್ದ ಮರಾ ಕೆಳಗಿಟ್ಟಳು. ಒಂದು ಕಾಳೂ ಚೆಲ್ಲದಂಗ ಇಟ್ಟಳು. ನನ್ನ ಮಾರಿ ನೋಡಿದಳು. ಆಕಿ ಒಳಗ ಹೋದಳು.

ಇವತ್ತು ಮುಂಜಾನೆ ಬಂಡಿ ಹೂಡಿಸಿ ಗಂಡನ ಊರಿಗೆ ಹೋಗ್ಯಾಳ. ಆ ಸುಟ್ಟ ಮನಿಗೆ. ಯಾರ ಕೂಡಾನೂ ಮಾತಾಡಿಲ್ಲ. ಶಿವಬಸಮ್ಮನವರು ಬಂಡಿ ಹಿಂದ ಊರ ಅಗಸಿತನಕ ಹೋಗಿ ಅತ್ತುಕೋತ ಬಂದ್ರು. ಸಾವ್ಕಾರ್ರು ಉಂಡಿಲ್ಲ.

ವಿಚಾರಣಿಗೆ ಆಕಿ ಬಂದು ಏನು ಹೇಳ್ತಾಳ? ನನ್ನ ಮ್ಯಾಲಿನ ಸಿಟ್ಟಿಗೆ, ಅಣ್ಣನ ಮ್ಯಾಲಿನ ಸಿಟ್ಟಿಗೆ, "ಇವನ ಅವ" ಅಂದುಬಿಟ್ರ? ನಾ ಸುಮ್ಮನಿದ್ದಿದ್ರ ಚಲೋ ಇತ್ತೇನೋ. ನಾನ ಕೆಡಿಸಿದೆ ಅನಸತೈತಿ. ಅಮ್ಮಾಗ ಇದ್ಯಾವುದೂ ಹೇಳಿಲ್ಲ.

ನಿಮ್ಮ ಬಲಗೈಗೆ ಏನಾಗೇತಿ ಅಂತ ನನಗ ಗೊತ್ತೈತಿ ಅಬ್ಬಾ. ಮುಚ್ಚಿಡಬ್ಯಾಡ್ರಿ.

ಅಖ್ತರ್

*

ಲಿಂಗಸುಗೂರು
೧೦ ಸೆಪ್ಟೆಂಬರ್ ೧೯೪೯

ಕರಿಬಸಯ್ಯ ಅಣ್ಣಾರಿಗೆ ಅಖ್ತರಬೇಗಂಳ ನಮಸ್ಕಾರ.

ಅಬ್ಬಾ ಮನಿಗೆ ಬಂದು ತಿಂಗಳ ಮ್ಯಾಲಾತು. ನಿಮಗ ಕಾಗದಾ ಬರೀ ಅಂತ ದಿನಾ ಅಂತಾರ. ಬಿಡುಗಡಿ ಚೀಟಿ ಬಂದ ದಿನಾ ನೀವು ನಿಮ್ಮ ಕಂಬಳಿ ಅವರಿಗೆ ಹೊದಿಸಿ ಕಳಿಸಿದ್ರಂತ. ಅದು ಇಲ್ಲಿ ಐತಿ, ನೀವು ಹೊರಗ ಬಂದ ದಿನಾ ಕೊಡ್ತೀವಿ. ಲಗೂನ ಬರ್ರಿ.

ಸಿಂಧನೂರಿನ ವಿಚಾರಣಿ ಹೆಂಗಾತು ಅಂತ ಅಬ್ಬಾ ನಿಮಗ ಪೂರ್ತಿ ಹೇಳಿರಲಿಕ್ಕಿಲ್ಲ. ನಾ ಅಮ್ಮಾನ ಕೂಡ ಹೊರಗ ಬೇವಿನ ಗಿಡದ ಕೆಳಗ ನಿಂತಿದ್ದೆ, ಕಿಡಕಿಯಿಂದ ಎಲ್ಲಾ ಕೇಳತಿತ್ತು. ಕರೆಮ್ಮ ಒಬ್ಬಾಕೆನ ಬಂದಿದ್ದಳು. ನಮ್ಮ ಮುಂದ ಹಾದು ಹೋದಳು, ಮಾತಾಡಿಸಲಿಲ್ಲ. ಅಮ್ಮಾ ನನ್ನ ತೋಳು ಹಿಡದಿದ್ದಳು, ಆ ಗುರುತು ಎರಡು ದಿನಾ ಇತ್ತು.

ಆಕಿ ಹೇಳಿದ್ದು ಇಷ್ಟ: "ಹೆಸರು ಕೇಳೀನಿ, ಮಾರಿ ನೋಡಿಲ್ಲ. ಹೊಗಿ ತುಂಬಿತ್ತು. ಯಾರೋ ಗೌಸ್‌ಸಾಬ್ ಅಂತ ಒದರಿದ್ರು, ಅದನ್ನ ನಿಮಗ ಹೇಳೀನಿ. ಈ ಮನಷ್ಯಾ ಆ ದಿನಾ ಮಸ್ಕ್ಯಾಗ ನಮ್ಮಣ್ಣನ ಮನ್ಯಾಗ ಇದ್ದನಂತ. ಅಣ್ಣ ಬಂದಾನ, ಅವನ್ನ ಕೇಳ್ರಿ. ನನ್ನ ಗಂಡನ್ನ ಕೊಂದವನ ನನಗ ಬೇಕ್ರಿ ಸಾಹೇಬರ. ಬ್ಯಾರೆ ಯಾರೋ ಬ್ಯಾಡ."

ಆಮ್ಯಾಲ ಸಾವ್ಕಾರ್ರು ಎದ್ದು ನಿಂತು ಎಲ್ಲಾ ಹೇಳಿದ್ರು. ಕೇಳಾಕ ಮಸ್ಕಿ ಮಂದಿ ಬಂದಿದ್ರು. ಈಗ ಅವರ ಅಂಗಡಿ ಕಟ್ಟಿ ಮ್ಯಾಲ ಕುಂದರವರು ಕಡಿಮಿ ಆಗ್ಯಾರ. ಅವರು ಅದರ ಮಾತ ಎತ್ತಂಗಿಲ್ಲ. ಆ ಇನ್ನೊಬ್ಬ ಗೌಸ್‌ಸಾಬ್ ಯಾರು, ಎಲ್ಲಿ ಹೋದ, ಇವತ್ತಿನತನಕ ತಿಳದಿಲ್ಲ.

ಪಟಾ ಮುಗೀತು. ಕಡೀಗೆ ಮಸ್ಕ್ಯಾಗ ಅಬ್ಬಾ ಬಾಜೂಕ ಕುಂತು ಎಡಗೈಲೆ ತೋರಿಸಿದ್ರು, ನಾ ಹಚ್ಚಿದೆ. ಅವರು ಕುಂಚ ಮುಟ್ಟಲಿಲ್ಲ. ಒಮ್ಮೆ ನಾ ನೀರು ತರಾಕ ಹೋಗಿ ಬರೂದರಾಗ ಬಲಗೈಯಾಗ ಕುಂಚಾ ಇಟ್ಕೊಂಡು ಬೆರಳು ಒತ್ತಾಕತ್ತಿದ್ರು. ನಾ ಬಾಗಲದಾಗ ನಿಂತು ಕೆಮ್ಮಿದೆ, ಕೆಳಗಿಟ್ಟರು. ಸಾಲಿ ಕೆಲಸದ್ದು ಏನಾಗತೈತೋ ತಿಳೀವಲ್ದು. ಪಟಾನ ಸಾವ್ಕಾರ್ರು ಗೋಡಿಗೆ ಹಾಕಿಲ್ಲ, ವಾಪಸ್ಸೂ ಕೊಟ್ಟಿಲ್ಲ.

ಪಟಾ ಮುಗಿದ ದಿನಾ ಸಾವ್ಕಾರ್ರ ಮನಿಯಿಂದ ನಾವು ಹೊರಡೂ ಹೊತ್ತಿಗೆ ಕರೆಮ್ಮ ಬಂದಳು. ಮನಿಗೆ ಮಾಡು ಹೊದಿಸಬೇಕು, ತೊಲಿ ಕೇಳಾಕಂತ ಅಣ್ಣನ ಕಡೆ ಬಂದಿದ್ದಳು. ಅಬ್ಬಾ ಎದ್ದು ನಿಂತ್ರು. ಏನರ ಅನ್ನಾಕ ಬಾಯಿ ತೆಗೆದ್ರು. "ಥ್ಯಾಂಕ್ಸ್ ಗೀಂಕ್ಸ್ ಹೇಳಬ್ಯಾಡ್ರಿ" ಅಂದಳು. "ನಿಮ್ಮ ಸಲುವಾಗಿ ಹೇಳಿಲ್ಲ ನಾ."

ಅಬ್ಬಾ ತಲಿ ತಗ್ಗಿಸಿದ್ರು.

"ಒಂದು ಕೇಳ್ತೀನಿ, ಖರೇ ಹೇಳ್ರಿ. ಆ ದಿನಾ ನಮ್ಮಣ್ಣ ನಕ್ಕಿದ್ದನೇನು?"

ಸಾವ್ಕಾರ್ರು ಅಲ್ಲೇ ಕಂಬದ ಹತ್ರ ಇದ್ರು. ಶಿವಬಸಮ್ಮನವರು ಅಡಗಿ ಮನಿ ಬಾಗಲದಾಗ ಇದ್ರು. ಇಲ್ಲ ಅಂದುಬಿಡಲಿ ಅಂತ ನಾ ಮನಸಿನ್ಯಾಗ ಬೇಡಕೊಂಡೆ.

"ನಕ್ಕಿದ್ರು ತಾಯಿ" ಅಂದ್ರು ಅಬ್ಬಾ. "ಭಾಳ ನಕ್ಕಿದ್ರು. ನಾನೂ ನಕ್ಕಿದ್ದೆ. ನಮಗ ಗೊತ್ತಿರಲಿಲ್ಲ."

ನಾ ಆಕಿ ಕಾಲು ನೋಡ್ಕೋತ ಇದ್ದೆ, ಮಾರಿ ನೋಡಾಕ ಧೈರ್ಯ ಇರಲಿಲ್ಲ. ಆಮ್ಯಾಲ ಆಕಿ ಒಳಗ ಹೋಗಿ ಒಂದು ಚರಗಿ ನೀರು, ಎರಡು ಲೋಟಾ ತಂದಳು. ಮೊದಲ ಅಣ್ಣಗ ಹಾಕಿ ಕೊಟ್ಟಳು. ಅವರು ಕುಡೀಲಾರದ ಕೈಯಾಗ ಹಿಡಕೊಂಡು ನಿಂತ್ರು. ಇನ್ನೊಂದು ಲೋಟಾ ಅಬ್ಬಾಗ ಕೊಟ್ಟಳು. ಅಬ್ಬಾ ಎಡಗೈಲೆ ಇಸಕೊಂಡು ಕುಡದ್ರು. ಮುಂಜಾನಿಂದ ನೀರು ಮುಟ್ಟಿದ್ದಿಲ್ಲ, ಗಟಗಟ ಕುಡದ್ರು.

"ಇನ್ನೊಂದೀಟು ಹಾಕ್ಲೇನು?" ಅಂದಳು ಆಕಿ.

ಅಬ್ಬಾ ಲೋಟಾ ಮುಂದ ಹಿಡದ್ರು.

ನಿಮ್ಮ ತಂಗಿ ಅಂತ ತಿಳಕೊಳ್ರಿ,
ಅಖ್ತರಬೇಗಂ